ಸಮುದ್ರ ದಾಟಿದ ಏಣಿ

ಪೇಟೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಏಣಿಯಕ್ಕ ಎಂದು. ಅಪ್ಪ ಬಣ್ಣ ಬಳಿಯುವವರಿಗೆ ಮರದ ಏಣಿ ಮಾಡಿಕೊಡುತ್ತಿದ್ದ ತಗಡಿನ ಶೆಡ್ಡನ್ನೇ ಬೆಳೆಸಿ ಅವಳು ಅಲ್ಯೂಮಿನಿಯಂ ಏಣಿಗಳ ಕಾರ್ಖಾನೆ ಮಾಡಿದ್ದಳು. ಅವಳ ಏಣಿಯನ್ನು ಮಡಚಿದರೆ ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೋಗಬಹುದು, ಬಿಚ್ಚಿ ನಿಲ್ಲಿಸಿದರೆ ಮೇಲಿನ ಮಹಡಿಯ ಕಿಟಕಿಗೆ ಕೈ ಎಟುಕುತ್ತದೆ. ನಡುನಡುವಿನ ಕೀಲುಗಳು ಟಕ್ಕೆಂದು ಕೂತುಬಿಟ್ಟರೆ ಆನೆ ಹತ್ತಿ ನಿಂತರೂ ಅಲುಗುವುದಿಲ್ಲ ಎಂದು ಅವಳ ತಮ್ಮ ಗಿರಾಕಿಗಳಿಗೆ ಹೇಳುತ್ತಿದ್ದ. ಆನೆಗೆ ಏಣಿ ಯಾಕೋ ಎಂದು ಅವಳು ಗದರುತ್ತಿದ್ದಳು.

ಮಾಡುವುದು ಅವಳ ಕೆಲಸ, ಮಾರುವುದು ತಮ್ಮನದು. ಅವನ ತಲೆ ಬೋಳಾಗಿ, ಮಗಳು ಕಾಲೇಜು ಮೆಟ್ಟಿಲು ಹತ್ತಿದ್ದರೂ ಅವಳ ಬಾಯಲ್ಲಿ ಅವನಿನ್ನೂ ಪುಟ್ಟನೇ. ಸರ್ಕಾರದ ರಫ್ತು ಇಲಾಖೆಯವರು ಸಣ್ಣ ಕಾರ್ಖಾನೆಗಳವರನ್ನು ನಿಯೋಗ ಕಟ್ಟಿ ಹೊರದೇಶಕ್ಕೆ ಕರೆದೊಯ್ಯುತ್ತಾರೆ, ಅಲ್ಲಿನ ದೊಡ್ಡ ವ್ಯಾಪಾರಿಗಳ ಎದುರು ಕೂರಿಸುತ್ತಾರೆ ಎಂಬ ಸುದ್ದಿ ತಂದವನು ಅವನೇ. ಅರ್ಜಿ ಹಾಕಿದವನು, ಅದು ತಿರಸ್ಕೃತವಾಗಿ ಬಂದಾಗ ಮತ್ತೆ ಹಾಕಿದವನು ಎಲ್ಲ ಅವನೇ. ಈ ಸಲ ಮಾತ್ರ ಅದೃಷ್ಟ ಖುಲಾಯಿಸಿತ್ತು. ಆ ದೇಶದ ಊರೂರಲ್ಲಿ ಉಪಕರಣಗಳ ಅಂಗಡಿ ಇಟ್ಟಿದ್ದ ಒಬ್ಬ ವ್ಯಾಪಾರಿ ಇಲಾಖೆ ಕಳಿಸಿದ ಚಿತ್ರಗಳನ್ನೆಲ್ಲ ನೋಡಿ, ನೆಟ್ಟಗೆ ಇವರ ಏಣಿಯ ಮೇಲೆ ಬೆರಳಿಟ್ಟು, "ಇದನ್ನು ತನ್ನಿ" ಎಂದಿದ್ದ.

ಹಾಗೆ ಅಕ್ಕ ತಮ್ಮ ಇಬ್ಬರೂ ಮೊದಲ ಸಲ ವಿಮಾನ ಹತ್ತಿದರು. ವಿಮಾನದಲ್ಲಿ ಭಾರಕ್ಕೆ ಮಿತಿ ಇದ್ದದ್ದರಿಂದ ತಂದದ್ದು ಒಂದೇ ಏಣಿ. ಅದನ್ನು ಪೆಟ್ಟಿಗೆಗೆ ಹಾಕಿ ಮೊಳೆ ಹೊಡೆದವನು ತಮ್ಮ.

ಪ್ರದರ್ಶನದ ಸಭಾಂಗಣ ಗೋದಾಮಿನಷ್ಟು ದೊಡ್ಡದು. ಎತ್ತರದ ಚಾವಣಿ, ಬೆಳ್ಳನೆಯ ದೀಪ, ಕಾಲಿಟ್ಟರೆ ಸದ್ದೇ ಆಗದ ಬೂದು ಜಮಖಾನೆ. ಸಾಲಾಗಿ ಮಳಿಗೆಗಳು. ಒಂದರಲ್ಲಿ ಚರ್ಮದ ಕೈಗವಸು, ಪಕ್ಕದ್ದರಲ್ಲಿ ನೀರೆತ್ತುವ ಪಂಪು, ಅದರಾಚೆ ಆಟದ ಸಾಮಾನು. ಪೆಟ್ಟಿಗೆಯ ಮೊಳೆ ಕಿತ್ತು ಏಣಿಯನ್ನು ಹೊರಗೆಳೆದವನೂ ಅವನೇ. ಅವಳು ಎಂದಿನಂತೆ ಅದನ್ನು ಬಿಚ್ಚಿ, ಎರಡು ಕಾಲು ಅಗಲಿಸಿ ನಿಲ್ಲಿಸಿದಳು.

ಟಿಕ್ ಎಂದಿತು.

ಅವಳ ಕೈ ಅಲ್ಲೇ ನಿಂತಿತು. ಅವಳ ಕೀಲು ಹಾಗೆ ಸದ್ದು ಮಾಡುವುದಿಲ್ಲ. ಮತ್ತೆ ಮಡಚಿ ಬಿಚ್ಚಿದಳು. ಮತ್ತದೇ ತೆಳ್ಳನೆಯ, ಡಬ್ಬಿ ಮುಚ್ಚಳದಂಥ ಸದ್ದು.

"ಪುಟ್ಟಾ, ಇದು ನಮ್ಮ ಕೀಲಲ್ಲ."

ತಮ್ಮ ಮಳಿಗೆಯ ಬಟ್ಟೆ ಎಳೆದು ಕಟ್ಟುವುದರಲ್ಲಿ ಮಗ್ನನಾದವನಂತೆ ಬೆನ್ನು ತಿರುಗಿಸಿದ. "ನಮ್ಮದೇ ಕಣೇ ಅಕ್ಕ. ಹೊಸಾ ಮಾದರಿ."

"ಯಾರು ಮಾಡಿದ್ದು?"

"ಒಬ್ರು ಎರಕದೋರು ಮಾಡಿಕೊಟ್ರು. ಹಗುರ ಇದೆ. ಇಲ್ಲಿಯೋರಿಗೆ ನಮ್ಮ ಏಣಿ ಭಾರ ಆಗತ್ತಂತೆ, ಬೆಲೆನೂ ಜಾಸ್ತಿ ಅಂತೆ. ಅದಕ್ಕೆ..."

"ನಂಗೊಂದು ಮಾತು ಹೇಳಬೇಕು ಅನಿಸ್ಲಿಲ್ವಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ," ಎಂದ ತಮ್ಮ. ಅಷ್ಟು ಪ್ರಾಮಾಣಿಕವಾಗಿ ಅಂದದ್ದರಿಂದ ಅವಳಿಗೆ ತಕ್ಷಣ ಬಯ್ಯಲೂ ಬಾಯಿ ಬರಲಿಲ್ಲ. "ಪರೀಕ್ಷೆ ಮಾಡಿದೀನಿ ಅಕ್ಕ. ನಾನೇ ಹತ್ತಿ ಕುಣಿದಿದೀನಿ. ನೋಡು ಬೇಕಾದ್ರೆ."

ಅವನು ಶೂ ಕಳಚಿ ಸರಸರನೆ ಹತ್ತಿ ತುದಿಯಲ್ಲಿ ನಿಂತು ಕೈ ಚಾಚಿದ. ಏಣಿ ಮಿಸುಕಲಿಲ್ಲ. ಕೈಗವಸಿನ ಮಳಿಗೆಯವನು ಚಪ್ಪಾಳೆ ತಟ್ಟಿದ. ಆದರೆ ತಮ್ಮ ಕಡ್ಡಿ ಪೈಲ್ವಾನ. ಗಾಳಿ ಬೀಸಿದರೆ ಅಂಗಿ ಸಮೇತ ಹಾರಿಹೋಗುವಂಥವನು. ಅವನು ನಿಂತದ್ದು ಯಾವ ಲೆಕ್ಕಕ್ಕೂ ಬರುವಂತಿರಲಿಲ್ಲ.

ಅವನು ಇಳಿದ ಮೇಲೆ ಅವಳು ಮಂಡಿಯೂರಿ ಫೋನಿನ ಬೆಳಕು ಬಿಟ್ಟು ಒಂದೊಂದೇ ಕೀಲು ನೋಡಿದಳು. ಎಡಗಡೆಯ ನಡುವಿನ ಕೀಲಿನಲ್ಲಿ, ಬಡಿದು ಕೂರಿಸಿದ ರಿವೆಟ್ಟಿನ ಪಕ್ಕ, ಕೂದಲೆಳೆಯಂಥ ಒಂದು ಗೆರೆ ಕಂಡಿತು. ಉಗುರಿನಿಂದ ಗೀರಿದಳು. ತಿಳಿಯಲಿಲ್ಲ. ಸ್ವಾಗತದ ಮೇಜಿನಿಂದ ಕಪ್ಪು ಮಾರ್ಕರ್ ಪೆನ್ನು ಇಸಿದುಕೊಂಡು ಬಂದು ಆ ಜಾಗಕ್ಕೆ ಬಳಿದು, ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರಿನಲ್ಲಿ ಬಟ್ಟೆ ಅದ್ದಿ ಒರೆಸಿದಳು. ಸುತ್ತಲಿನ ಮಸಿಯೆಲ್ಲ ಹೋಯಿತು. ಗೆರೆ ಮಾತ್ರ ಕಪ್ಪಗೆ ಉಳಿಯಿತು.

"ಬಿರುಕು," ಎಂದಳು.

"ಗೀರು ಅಕ್ಕ. ಗೀರಲ್ಲೂ ಮಸಿ ಕೂರತ್ತೆ."

"ಕೂರತ್ತೆ. ಆದ್ರೆ ಒರೆಸಿದ್ರೆ ಬರತ್ತೆ. ಇದು ಒಳಗೆ ಇಳಿದಿದೆ." ಅವಳು ಎದ್ದು ಏಣಿಯನ್ನು ಮಡಚತೊಡಗಿದಳು. "ತೋರಿಸೋದು ಬೇಡ. ಚಿತ್ರ ತೋರಿಸಿ ಮಾತಾಡೋಣ."

ತಮ್ಮ ಏಣಿಯ ಇನ್ನೊಂದು ಕಾಲು ಹಿಡಿದುಕೊಂಡ. ಅವನ ಮುಖ ಇಳಿದುಹೋಗಿತ್ತು. "ಅಕ್ಕ, ಕೈ ಮುಗೀತೀನಿ. ಆ ಮನುಷ್ಯ ಇದನ್ನ ನೋಡೋಕೇ ಬರ್ತಿರೋದು. ಚಿತ್ರ ಅವನ ಹತ್ರಾನೇ ಇದೆ. ಈ ಸಲ ತಪ್ಪಿದ್ರೆ ನಮ್ಮನ್ನ ಇನ್ಯಾರು ಕರೀತಾರೆ ಹೇಳು?"

ಇಬ್ಬರೂ ಏಣಿಯ ಒಂದೊಂದು ಕಾಲು ಹಿಡಿದು ಜಗ್ಗಾಡುತ್ತಿದ್ದಾಗಲೇ ನಿಯೋಗದ ನಿರ್ದೇಶಕರು ಬಂದರು. ಇಸ್ತ್ರಿ ಮುರಿಯದ ಕೋಟು, ಎದೆಯ ಮೇಲೆ ಬಿಲ್ಲೆ, ಕೈಯಲ್ಲಿ ಸದಾ ಕಾರ್ಯಕ್ರಮದ ಪಟ್ಟಿ. ಅವರ ಜೊತೆಗೆ ದುಭಾಷಿ, ಆ ದೇಶದ ಹುಡುಗಿ. ಇವರ ಭಾಷೆಯನ್ನು ಅವಳು ವಿಶ್ವವಿದ್ಯಾಲಯದಲ್ಲಿ ಪುಸ್ತಕದಿಂದ ಕಲಿತಿದ್ದಳು. ಬೆಳಿಗ್ಗೆ ಮೊದಲ ಭೇಟಿಯಲ್ಲೇ "ತಾವು ಉಪಾಹಾರವನ್ನು ಸ್ವೀಕರಿಸಿದಿರೇ?" ಎಂದು ಕೇಳಿ, ಯಾರೋ ಹಳೆಯ ನಾಟಕದ ರಾಣಿ ಎದುರಿಗೆ ನಿಂತಂತಾಗಿ ತಮ್ಮ ಬಗ್ಗಿ ನಮಸ್ಕಾರ ಮಾಡಿದ್ದ.

"ಏನಿದು? ಯಾಕೆ ಮಡಚ್ತಿದೀರಿ?" ನಿರ್ದೇಶಕರು ಕೇಳಿದರು.

"ಸಾರ್, ಕೀಲಲ್ಲಿ ಬಿರುಕಿದೆ. ಇದನ್ನ ಯಾರೂ ಹತ್ತಬಾರದು," ಎಂದಳು ಏಣಿಯಕ್ಕ.

ನಿರ್ದೇಶಕರು ಬಗ್ಗಿ ನೋಡಿದರು. ಅವರಿಗೆ ಏನು ಕಂಡಿತೋ. "ಅಮ್ಮಾ, ಅವರ ವಾಣಿಜ್ಯ ಇಲಾಖೆಯವರೂ ಬರ್ತಿದಾರೆ. ಕ್ಯಾಮೆರಾದೋರು ಬರ್ತಿದಾರೆ. ಕಾರ್ಯಕ್ರಮದಲ್ಲಿ ನಿಮ್ಮ ಹೆಸರೇ ಮೊದಲು ಅಚ್ಚಾಗಿದೆ. ಖಾಲಿ ಮಳಿಗೆ ತೋರಿಸಲಾ ನಾನು? ಹತ್ತೋದು ಬೇಡ, ಸುಮ್ಮನೆ ನಿಲ್ಲಿಸಿ. ನೋಡಿ ಹೋಗ್ತಾರೆ."

ಶೆಡ್ಡಿನಲ್ಲಿ ಈ ಪ್ರಯಾಣದ ಮೇಲೆ ಆಸೆ ಕಟ್ಟಿಕೊಂಡು ಕೂತವರ ಮುಖಗಳು ಅವಳ ಕಣ್ಣ ಮುಂದೆ ಬಂದವು. ನಿಲ್ಲಿಸುವುದರಲ್ಲಿ ಏನು ತಪ್ಪು, ಹತ್ತದಿದ್ದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೂ ದುಭಾಷಿಯ ಕೈಲಿ ಅವರ ಭಾಷೆಯಲ್ಲಿ 'ದಯವಿಟ್ಟು ಹತ್ತಬೇಡಿ' ಎಂದು ಬರೆಸಿ ಏಣಿಗೆ ಅಂಟಿಸಿದಳು.

ನಿರ್ದೇಶಕರು ಅದನ್ನು ಪರಕ್ಕನೆ ಕಿತ್ತರು. "ಏಣಿ ಮಾರೋಕೆ ಬಂದು ಹತ್ತಬೇಡಿ ಅಂತ ಬೋರ್ಡ್ ಹಾಕ್ತೀರಾ? ನಗ್ತಾರೆ ಜನ!" ಎಂದು ಅದನ್ನು ಮುದುರಿ ಜೇಬಿಗೆ ತುರುಕಿಕೊಂಡು ಹೋದರು.

ಮಧ್ಯಾಹ್ನ ಬಾಗಿಲ ಬಳಿ ಗದ್ದಲವೆದ್ದಿತು. ಕ್ಯಾಮೆರಾಗಳು ಹಿಂದೆ ಹಿಂದೆ ನಡೆಯುತ್ತ ಬಂದವು. ಅವುಗಳ ಎದುರು ಆ ವ್ಯಾಪಾರಿ. ಅವನನ್ನು ಕಂಡದ್ದೇ ಅವಳ ಕಣ್ಣು ಬಿರುಕಿದ್ದ ಕೀಲಿನ ಕಡೆ ಹೋಯಿತು. ಬಾಗಿಲು ತುಂಬುವಂಥ ಆಳು. ದಪ್ಪ ಕತ್ತು, ಮೊರದಗಲ ಅಂಗೈ, ನಗುನಗುತ್ತ ಬರುತ್ತಿದ್ದ. ಹರೆಯದಲ್ಲಿ ಅವನು ಬಣ್ಣ ಬಳಿಯುವ ಕೆಲಸ ಮಾಡುತ್ತಿದ್ದನಂತೆ, ಹಗ್ಗದಲ್ಲಿ ನೇತಾಡುತ್ತ ಗೋಡೆಗಳಿಗೆ ಬಣ್ಣ ಹೊಡೆದೇ ಈ ಮಟ್ಟಕ್ಕೆ ಬಂದನಂತೆ ಎಂದು ದುಭಾಷಿ ಹೇಳಿದ್ದಳು.

ತಮ್ಮ ಕೈ ಬೀಸುತ್ತ, ಕುಣಿಯುತ್ತ, ದೊಡ್ಡ ಗಂಟಲಲ್ಲಿ ಏಣಿಯ ಗುಣಗಾನ ಶುರು ಮಾಡಿದ. ದುಭಾಷಿ ಪಕ್ಕದಲ್ಲಿ ನಿಂತು ತಿಳಿಸುತ್ತಿದ್ದಳು. ವ್ಯಾಪಾರಿ ಕೀಲಿನ ಮೇಲೆ ಬೆರಳಾಡಿಸಿದ, ತಲೆದೂಗಿದ. ಏಣಿಯಕ್ಕ ಅವನ ಕಾಲನ್ನೇ ನೋಡುತ್ತ ನಿಂತಿದ್ದಳು. ಇನ್ನೇನು, ಮುಂದಿನ ಮಳಿಗೆಗೆ ಹೊರಡುತ್ತಾನೆ. ಹೊರಟೇಬಿಟ್ಟ. ಆ ದೇಶದ ವಾಣಿಜ್ಯ ಇಲಾಖೆಯ ಅಧಿಕಾರಿ ಪಂಪಿನ ಬಗ್ಗೆ ಏನೋ ಕೇಳಿದರೆಂದು ನಿರ್ದೇಶಕರು ದುಭಾಷಿಯನ್ನು ಕರೆದುಕೊಂಡು ಆಚೆ ಸರಿದರು.

ಎರಡು ಹೆಜ್ಜೆ ಹೋದ ವ್ಯಾಪಾರಿ ಏನೋ ಹೊಳೆದವನಂತೆ ತಿರುಗಿದ. ಕೋಟು ಕಳಚಿ ಯಾರದೋ ಕೈಗೆ ಕೊಟ್ಟ. ಬಂದವನೇ ಏಣಿಯ ಎರಡು ಪಕ್ಕ ಹಿಡಿದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ.

"ಬೇಡ! ಬೇಡ!" ಅವಳು ಕೂಗಿದಳು. "ಇಳೀರಿ!"

ಅವನು ತಿರುಗಿ ನೋಡಿ ನಕ್ಕ. ಇಷ್ಟು ಹೊತ್ತೂ ಕೈ ಬೀಸಿ ಕೂಗಿದ ಮನೆತನವೇ ಇದು, ಅಕ್ಕನೂ ಹುರಿದುಂಬಿಸುತ್ತಿದ್ದಾಳೆ ಅಂದುಕೊಂಡನೋ ಏನೋ. ಹೆಬ್ಬೆರಳೆತ್ತಿ ತೋರಿಸಿ ಇನ್ನೊಂದು ಮೆಟ್ಟಿಲು ಏರಿದ. ಕ್ಯಾಮೆರಾದವರು ಮುಂದೆ ನುಗ್ಗಿದರು. ಅವಳು ಕೈಯಾಡಿಸಿದಷ್ಟೂ ಅವರು ನಕ್ಕರು.

"ಪುಟ್ಟಾ, ಆ ಹುಡುಗೀನ ಕರಿಯೋ!"

ತಮ್ಮ ನಿಂತಲ್ಲೇ ಕಲ್ಲಾಗಿದ್ದ. ಇಷ್ಟು ಹೊತ್ತು ವಟಗುಟ್ಟಿದ ಬಾಯಿಗೆ ಯಾರೋ ಬೀಗ ಜಡಿದಂತಿತ್ತು.

ವ್ಯಾಪಾರಿ ನಡುವಿನ ಕೀಲು ದಾಟಿ ಮೇಲಕ್ಕೆ ಹೋದ. ಮಾರ್ಕರಿನ ಮಸಿ ಉಳಿದಿದ್ದ ಜಾಗ ಅವಳ ಮುಖದ ಎದುರಿಗೇ ಇತ್ತು. ಕೂದಲೆಳೆಯ ಗೆರೆ ಈಗ ದಾರದಷ್ಟಾಗಿತ್ತು. ಅವಳು ಕಣ್ಣಾರೆ ನೋಡುತ್ತಿದ್ದಂತೆ ಅದು ಬಾಯಿ ಬಿಟ್ಟಿತು. ಇನ್ನು ಕೂಗಿ ಪ್ರಯೋಜನವಿರಲಿಲ್ಲ. ಅವಳು ನುಗ್ಗಿ ಏಣಿಯ ಆ ಕಾಲಿಗೆ ಹೆಗಲು ಕೊಟ್ಟು, ಎರಡೂ ಕೈಯಿಂದ ಕೀಲನ್ನು ಅವುಚಿ ಹಿಡಿದಳು.

ಕೀಲು ಒಡೆಯಿತು. ಲೋಹದ ಚೂರು ಅವಳ ಅಂಗೈ ಸೀಳಿತು. ಏಣಿ ಅವಳ ಹೆಗಲ ಮೇಲೆ ವಾಲಿ, ಅಷ್ಟು ದೊಡ್ಡ ದೇಹ ಮೇಲಿಂದ ಜಾರಿತು. ಅವಳ ಮೊಣಕಾಲು ಕುಸಿಯುವಷ್ಟರಲ್ಲಿ ಯಾರೋ ಪಕ್ಕದಿಂದ ಹಾರಿ ಬಂದು ಕೆಳಗೆ ಅಡ್ಡ ಬಿದ್ದರು. ಕಲ್ಲಾಗಿ ನಿಂತಿದ್ದ ತಮ್ಮ! ವ್ಯಾಪಾರಿ ಬಂದು ಬಿದ್ದದ್ದು ಅವನ ಮೇಲೆ.

ಕ್ಯಾಮೆರಾಗಳು ಇನ್ನೂ ಓಡುತ್ತಲೇ ಇದ್ದವು.

ವ್ಯಾಪಾರಿಗೆ ಪ್ಯಾಂಟು ಹರಿದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ತಮ್ಮನ ಹೆಗಲ ಮೂಳೆ ಮುರಿದಿತ್ತು. ಸಭಾಂಗಣದ ಹಿಂದಿದ್ದ ಚಿಕಿತ್ಸೆಯ ಕೋಣೆಯಲ್ಲಿ ದಾದಿಯೊಬ್ಬಳು ಅವನ ತೋಳನ್ನು ಎದೆಗೆ ಕಟ್ಟಿ, ಏಣಿಯಕ್ಕನ ಅಂಗೈಗೆ ಹೊಲಿಗೆ ಹಾಕಿದಳು. ಆಂಬುಲೆನ್ಸು ಬರುವ ತನಕ ಕಾಯಬೇಕಿತ್ತು.

ಮೊದಲು ಒಳಗೆ ಬಂದವರು ನಿರ್ದೇಶಕರು. ಬಾಗಿಲು ಹಾಕಿಕೊಂಡು ಬಂದರು. ಕೋಟು ಬೆವರಿಗೆ ಅಂಟಿಕೊಂಡಿತ್ತು. "ಆಗಿದ್ದು ಆಗಿಹೋಯ್ತು. ಈಗ ಅವರು ಬಂದು ಕೇಳ್ತಾರೆ. ವಿಮಾನದಲ್ಲಿ ಸಾಮಾನು ಎತ್ತಿಹಾಕುವಾಗ ಏಟು ಬಿದ್ದಿದೆ, ನಮಗೂ ಗೊತ್ತಿರಲಿಲ್ಲ ಅನ್ನಿ. ನಾನೂ ಅದನ್ನೇ ಹೇಳಿದೀನಿ. ಇನ್ನೂ ಇಷ್ಟು ಜನ ಮಳಿಗೆ ಹಾಕ್ಕೊಂಡು ಕೂತಿದಾರೆ. ಅವರ ಅನ್ನಕ್ಕೂ ಕಲ್ಲು ಹಾಕಬೇಡಿ."

ಅವರ ಮಾತಿನ ಕೊನೆಯ ಭಾಗ ಸುಳ್ಳಾಗಿರಲಿಲ್ಲ. ಹೊಲಿಗೆ ಬಿದ್ದ ಕೈಗಿಂತ ಆ ಮಾತು ಹೆಚ್ಚು ನೋಯಿಸಿತು. ಆಗಲೇ ಬಾಗಿಲು ತೆರೆಯಿತು. ವ್ಯಾಪಾರಿ ಬಂದ, ಹಿಂದೆ ದುಭಾಷಿ. ಅವನ ಕೈಯಲ್ಲಿ ಒಡೆದ ಕೀಲಿನ ಚೂರಿತ್ತು. ಈಗ ಅವನು ನಗುತ್ತಿರಲಿಲ್ಲ.

ಅವನು ಏನೋ ಕೇಳಿದ. ದುಭಾಷಿ ಸಣ್ಣ ದನಿಯಲ್ಲಿ ಹೇಳಿದಳು, "ಇದು ಮಾರ್ಗಮಧ್ಯದಲ್ಲಿ ಭಗ್ನವಾಯಿತೇ ಎಂದು ಮಹನೀಯರು ವಿಚಾರಿಸುತ್ತಿದ್ದಾರೆ."

ನಿರ್ದೇಶಕರು ಏಣಿಯಕ್ಕನ ಕಡೆ ನೋಡಿದರು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮಂಚದಿಂದ ತಮ್ಮನ ದನಿ ಬಂತು.

"ಇಲ್ಲಮ್ಮ. ಕೀಲು ಬದಲಾಯಿಸಿದ್ದು ನಾನು. ಹಗುರ ಆಗ್ಲಿ, ಅಗ್ಗ ಆಗ್ಲಿ ಅಂತ. ನಮ್ಮಕ್ಕನಿಗೆ ಹೇಳದೆ ಮಾಡಿದ್ದು. ಹಂಗೇ ಹೇಳಿ ಅವರಿಗೆ."

ದುಭಾಷಿ ನಿರ್ದೇಶಕರ ಮುಖ ನೋಡಿದಳು, ಮತ್ತೆ ತಮ್ಮನ ಮುಖ ನೋಡಿದಳು. ಆಮೇಲೆ ಹೇಳಿದಳು. ನಿರ್ದೇಶಕರು ಕಣ್ಣು ಮುಚ್ಚಿಕೊಂಡರು.

ವ್ಯಾಪಾರಿ ಕೀಲಿನ ಚೂರನ್ನು ತಿರುಗಿಸಿ, ಅದರ ಮೇಲಿನ ಕಪ್ಪು ಮಸಿಯನ್ನು ತೋರಿಸಿ, ಈ ಸಲ ನೇರ ಅವಳನ್ನೇ ಕೇಳಿದ.

"ಈ ಮಸಿಯನ್ನು ಲೇಪಿಸಿದವರು ತಾವೇ ಎಂದು ಕೇಳುತ್ತಿದ್ದಾರೆ. ತಮಗೆ ಮೊದಲೇ ತಿಳಿದಿತ್ತೇ ಎಂದು."

"ಗೊತ್ತಿತ್ತು," ಎಂದಳು ಏಣಿಯಕ್ಕ. "ಬೆಳಿಗ್ಗೇನೇ ಗೊತ್ತಾಯ್ತು."

"ಹಾಗಾದರೆ ಅದನ್ನು ಏಕೆ ನಿಲ್ಲಿಸಿದಿರಿ?"

ಬೋರ್ಡು ಬರೆಸಿದ್ದೆ, ಬೇಡವೆಂದು ಹೇಳಿದ್ದೆ, ಕೂಗಿದೆ ಎಂಬ ಮಾತುಗಳೆಲ್ಲ ನಾಲಿಗೆಯ ತುದಿಯವರೆಗೆ ಬಂದು ಹಿಂದೆ ಹೋದವು. ಅವಳು ತಲೆ ತಗ್ಗಿಸಿದಳು. ವ್ಯಾಪಾರಿ ಕೀಲಿನ ಚೂರನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ.

ಉಳಿದ ದಿನಗಳ ಯಾವ ಭೇಟಿಗೂ ಇಲಾಖೆ ಅವರನ್ನು ಕರೆಯಲಿಲ್ಲ. ವಾಪಸು ಬರುವಾಗ ವಿಮಾನದಲ್ಲಿ ಅಕ್ಕ ತಮ್ಮ ಇಬ್ಬರೂ ಮಾತಾಡಲಿಲ್ಲ. ಊಟದ ತಟ್ಟೆ ಬಂದಾಗ ಅವನಿಗೆ ಒಂದೇ ಕೈಯಲ್ಲಿ ಪೊಟ್ಟಣ ಬಿಚ್ಚಲಾಗಲಿಲ್ಲ. ಅವಳು ಬಿಚ್ಚಿಕೊಡಲು ಹೋದರೆ ಅವಳ ಬಲಗೈಗೂ ಕಟ್ಟು. ಕೊನೆಗೆ ಅವಳ ಎಡಗೈ, ಅವನ ಬಲಗೈ ಸೇರಿ ಪೊಟ್ಟಣ ಹರಿದು, ಒಳಗಿದ್ದುದೆಲ್ಲ ಅವನ ಮಡಿಲಿಗೆ ಚೆಲ್ಲಿತು. ತಮ್ಮ ಅತ್ತ. ಅಳಬೇಡ ಎನ್ನಲಿಲ್ಲ ಅವಳು. ತನ್ನ ತಟ್ಟೆಯನ್ನು ಅವನ ಮುಂದೆ ಸರಿಸಿದಳು.

ಊರಿಗೆ ಬಂದ ಮಾರನೆಯ ದಿನ ಶೆಡ್ಡಿನಲ್ಲಿ ಬಿದ್ದಿದ್ದ ಹಗುರ ಕೀಲುಗಳ ಚೀಲವನ್ನೆಲ್ಲ ಕರಗಿಸಲು ಕಳಿಸಿದಳು. ಇಲಾಖೆಯವರು ಮುಂದಿನ ನಿಯೋಗಗಳಿಗೆ ಇವರನ್ನು ಪರಿಗಣಿಸುವುದಿಲ್ಲವೆಂದು ತಿಳಿಸಿದರು. ಏಣಿ ಒಡೆದ ವಿಡಿಯೋ ಪೇಟೆಯಲ್ಲೆಲ್ಲ ಓಡಾಡಿ, ಹಳೆಯ ಗಿರಾಕಿಗಳೂ ಏಣಿ ಕೊಳ್ಳುವ ಮೊದಲು ಎರಡೆರಡು ಸಲ ಜಗ್ಗಿ ನೋಡುವಂತಾಯಿತು. ಕೆಲಸ ಕಮ್ಮಿಯಾಯಿತು. ತಮ್ಮ ಅಂಗಡಿ ಅಂಗಡಿ ಸುತ್ತಿದ. ಆದರೆ ಆನೆಯ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ.

ಹೀಗಿರುವಾಗ ಒಂದು ದಿನ ದುಭಾಷಿಯ ಫೋನು ಬಂತು. ಮಹನೀಯರು ಒಡೆದ ಕೀಲನ್ನು ಇನ್ನೂ ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ, ಹಳೆಯ ಭಾರದ ಕೀಲಿನ ಏಣಿಯನ್ನು ತಮ್ಮ ಅಂಗಳದಲ್ಲಿ ಸ್ವತಃ ಪರೀಕ್ಷಿಸಲು ಸಿದ್ಧರಿದ್ದಾರೆ, ಆದರೆ ಯಾವ ಭರವಸೆಯನ್ನೂ ಕೊಡುವುದಿಲ್ಲ, ಖರ್ಚೆಲ್ಲ ಅಕ್ಕ ತಮ್ಮನದೇ ಎಂದಳು.

"ನೀನು ಹೋಗು," ಎಂದಳು ಅಕ್ಕ.

ತಮ್ಮ ಬೆಚ್ಚಿದ. "ನಾನಾ? ಅಕ್ಕ, ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋ ಮುಖಾನೇ ಇಟ್ಕೊಂಡು ಹೋಗು. ಮಾಡೋದು ನಾನು ಮಾಡಿಕೊಡ್ತೀನಿ. ಮಾರೋದು ನಿನ್ನ ಕೆಲಸ ತಾನೇ?"

ಅವಳು ಆ ಏಣಿಯನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಒಂದೊಂದು ರಿವೆಟ್ಟೂ ತಾನೇ ಹೊಡೆದಳು.

ಪರೀಕ್ಷೆಯ ದಿನ ಅವಳು ಕಾರ್ಖಾನೆಯ ಆಫೀಸು ಕೋಣೆಯಲ್ಲಿ ಫೋನು ಮುಂದಿಟ್ಟುಕೊಂಡು ಕೂತಿದ್ದಳು. ಜೊತೆಯಲ್ಲಿ ಅಪ್ಪನ ಕಾಲದ ಮೇಸ್ತ್ರಿ. ತಮ್ಮ ಕರೆ ಮಾಡಿ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ಅತ್ತಲಿಂದ ಗಾಳಿಯ ಸದ್ದು, ಅರ್ಥವಾಗದ ಮಾತು, ಆಮೇಲೆ ದೊಪ್ಪೆಂಬ ಸದ್ದು. ಮೇಸ್ತ್ರಿ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ.

"ಮರಳ ಮೂಟೆ ಅಕ್ಕ," ತಮ್ಮ ಪಿಸುಗುಟ್ಟಿದ. "ಏಣಿ ಮೇಲೆ ಹೇರ್ತಿದಾರೆ."

ದೊಪ್. ಮತ್ತೆ ದೊಪ್. ಪ್ರತಿ ಸದ್ದಿಗೂ ಅವಳು ಬೆರಳು ಮಡಚಿ ಎಣಿಸಿದಳು. ಬಹಳ ಹೊತ್ತು ಅದೇ ನಡೆಯಿತು. ಆಮೇಲೆ ಸದ್ದು ನಿಂತಿತು.

"ಒಡೀಲಿಲ್ಲ!" ತಮ್ಮ ಕೂಗಿದ. "ಮೂಟೆ ಖಾಲಿಯಾಯ್ತು, ಏಣಿ ನಿಂತೇ ಇದೆ."

ಮೇಸ್ತ್ರಿ ಮೇಜು ಗುದ್ದಿದ. ಅವಳು ಕೈಯೆತ್ತಿ ಸುಮ್ಮನಿರು ಎಂದಳು, ಯಾಕೆಂದರೆ ಅತ್ತ ವ್ಯಾಪಾರಿ ಏನೋ ಹೇಳುತ್ತಿದ್ದ. ದುಭಾಷಿಯ ದನಿ ಕೇಳಿತು. "ಕೀಲು ತೃಪ್ತಿಕರವಾಗಿದೆ. ಆದರೆ ಏಣಿ ಭಾರ, ಬೆಲೆಯೂ ಅಧಿಕ. ಮೆಟ್ಟಿಲುಗಳ ತಗಡನ್ನು ತೆಳುವಾಗಿಸಿದರೆ ಎಲ್ಲಾ ಅಂಗಡಿಗಳಿಗೂ ತೆಗೆದುಕೊಳ್ಳುವುದಾಗಿ ಹೇಳುತ್ತಿದ್ದಾರೆ."

ಎಲ್ಲಾ ಅಂಗಡಿಗಳಿಗೂ! ಮೇಸ್ತ್ರಿ ಅವಳ ಮುಖ ನೋಡಿದ.

"ಅಕ್ಕ, ಏನಂತ ಹೇಳ್ಲಿ?" ತಮ್ಮ ಕೇಳಿದ.

ಬೇಡ ಎನ್ನುವ ಮಾತು ಅವಳ ಗಂಟಲಲ್ಲೇ ಇತ್ತು. ಅದನ್ನು ನುಂಗಿಕೊಂಡಳು. "ಅಲ್ಲಿರೋನು ನೀನು. ನೀನೇ ಹೇಳು."

ತಮ್ಮ ನಿಧಾನವಾಗಿ, ಒಂದೊಂದೇ ಮಾತು ಕಟ್ಟಿಕೊಂಡು ಹೇಳಿದ. "ಆಗಲ್ಲ ಅಂತ ಹೇಳಿ ಅಮ್ಮಾ. ತೆಳು ಮಾಡಲ್ಲ. ಬೇಕಾದ್ರೆ ಹೀಗೇ ತಗೊಳ್ಳಲಿ. ಬೇಡ ಅಂದ್ರೆ ನಾನು ಏಣಿ ಮಡಚ್ಕೊಂಡು ಹೋಗ್ತೀನಿ."

ದುಭಾಷಿ ಹೇಳಿದಳು. ಅತ್ತಲಿಂದ ಉತ್ತರ ಬರಲಿಲ್ಲ.

"ಏನಾಯ್ತೋ?" ಎಂದಳು ಅಕ್ಕ.

"ಮಹನೀಯರು ಆಲೋಚಿಸುತ್ತಿದ್ದಾರಂತೆ," ತಮ್ಮ ಪಿಸುಗುಟ್ಟಿದ. ಅಷ್ಟರಲ್ಲಿ ಕರೆ ಕಟ್ಟಾಯಿತು.

ಮತ್ತೆ ಮಾಡಿದರೆ ಸಿಗಲಿಲ್ಲ. ಮೇಸ್ತ್ರಿ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ಓಡಾಡತೊಡಗಿದ. ಅವಳು ಅಂಗೈಯ ಮೇಲಿನ ಗಾಯದ ಗುರುತನ್ನು ಹೆಬ್ಬೆರಳಿಂದ ಒತ್ತಿಕೊಳ್ಳುತ್ತ ಕೂತಳು. ತಮ್ಮ ಹೇಳಿದ್ದು ಸರಿ. ಸರಿಯಾದ ಮಾತು ಹೇಳಿಯೂ ಬರಿಗೈಯಲ್ಲಿ ಬರಬಹುದು. ಬಂದರೂ ಅವನಿಗೆ ಒಂದು ಮಾತನ್ನೂ ಆಡಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು. ಮೇಸ್ತ್ರಿ ತಂದಿಟ್ಟ ಟೀ ಆರಿ ಕೆನೆ ಕಟ್ಟಿತು.

ಫೋನು ಮತ್ತೆ ಬಡಿದಾಗ ಅವಳ ಕೈ ಜಾರಿ ಅದು ನೆಲಕ್ಕೆ ಬಿತ್ತು. ಮೇಸ್ತ್ರಿಯೇ ಎತ್ತಿಕೊಟ್ಟ.

"ಬ್ಯಾಟರಿ ಹೋಗಿತ್ತು ಅಕ್ಕ," ತಮ್ಮ ಏದುಸಿರು ಬಿಡುತ್ತಿದ್ದ. "ಎಲ್ಲಾ ಅಂಗಡಿಗೆ ಅಲ್ಲ. ಒಂದೂರಿನ ಅಂಗಡಿಗಳಿಗೆ ಮಾತ್ರ. ಪ್ರತಿ ಕಂತೂ ಅವರೇ ಪರೀಕ್ಷೆ ಮಾಡ್ತಾರಂತೆ. ಒಂದು ಕೆಟ್ಟದ್ದು ಸಿಕ್ಕಿದ್ರೂ ಎಲ್ಲಾ ವಾಪಸ್ಸಂತೆ. ಆಗ್ಲಿ ಅಂದೆ. ತಪ್ಪು ಮಾಡಿದ್ನಾ?"

"ಇಲ್ಲ ಕಣೋ," ಎಂದಳು.

ಅವಳು ಎದ್ದು ಶೆಡ್ಡಿಗೆ ಬಂದಳು. ಲೋಹ ಕೊಯ್ಯುವ ಸದ್ದಿನಲ್ಲಿ ಆ ಸುದ್ದಿಯನ್ನು ಕೂಗಿ ಹೇಳಿದರೂ ಯಾರಿಗೂ ಕೇಳುವಂತಿರಲಿಲ್ಲ. ಗೋಡೆಯ ಬಳಿ ಹೋಗಿ ಮುಖ್ಯ ಸ್ವಿಚ್ಚನ್ನು ಕೆಳಗೆಳೆದಳು. ಯಂತ್ರಗಳು ಒಂದೊಂದಾಗಿ ನಿಂತವು. ಏನು ಅನಾಹುತವಾಯಿತೋ ಎಂದು ಎಲ್ಲರೂ ಗಾಬರಿಯಿಂದ ಕೈಗವಸು ಕಳಚುತ್ತ ಅವಳ ಕಡೆ ತಿರುಗಿದರು.